ಬೀಗ ಹಾಕಿದ ಲಿನಕ್ಸ್‌ಗೆ ಸಾಫ್ಟ್‌ವೇರ್ ಸೇರಿಸುವುದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಉತ್ತರ ಕನ್ನಡದಿಂದ ಬಂದಿವೆ, ಅದೂ ಒಂದೇ ವಿಷಯದ ಮೇಲೆ: ಫೆಡೋರಾ ಸಿಲ್ವರ್‌ಬ್ಲೂ, ಕಿನೊಯಿಟ್, ಓಪನ್‌ಸೂಸೆ ಮೈಕ್ರೊಒಎಸ್ ತರಹದ ಲಿನಕ್ಸ್‌ಗಳು. ಫೆಡೋರಾದ ಎರಡರಲ್ಲೂ ಇಡೀ ವ್ಯವಸ್ಥೆ ಒಂದೇ ಇಮೇಜ್ (ಸಿದ್ಧ ಕಟ್ಟು) ಆಗಿ ಬರುತ್ತದೆ, ಮೈಕ್ರೊಒಎಸ್‌ನಲ್ಲಿ ಡಿಸ್ಕಿನ ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ಆಗಿ ಇರುತ್ತದೆ. ಓಡುತ್ತಿರುವಾಗ ಅದನ್ನು ಓದಬಹುದೇ ಹೊರತು ತಿದ್ದಲು ಬರುವುದಿಲ್ಲ. ಅಪ್‌ಡೇಟ್ ಎಂದರೆ ಹೊಸ ಪ್ರತಿ ಪಕ್ಕದಲ್ಲಿ ತಯಾರಾಗಿ, ಮುಂದಿನ ಬೂಟ್‌ನಲ್ಲಿ ಹಳೆಯದರ ಜಾಗಕ್ಕೆ ಬರುವುದು.

ಆಜ್ಞೆಗಳನ್ನೂ ಫೋಲ್ಡರ್ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲೇ ಅಚ್ಚು ಮಾಡಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಿರಿ. ಅಡ್ಡಗೆರೆ ಇದ್ದಲ್ಲಿ ಅಡ್ಡಗೆರೆ, ಎರಡಿದ್ದರೆ ಎರಡು.

ಪ್ರಶ್ನೆ: ಅಂಗಡಿಯ ಕಂಪ್ಯೂಟರಿಗೆ ಸಿಲ್ವರ್‌ಬ್ಲೂ ಹಾಕಿಸಿದೆ. ‘ಸುಡೊ ಡಿಎನ್ಎಫ್ ಇನ್‌ಸ್ಟಾಲ್ ಇಂಕ್‌ಸ್ಕೇಪ್’ ಅಂದರೆ ಒಪ್ಪುವುದೇ ಇಲ್ಲ. ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಹೋದರೂ /ಯುಎಸ್ಆರ್ ಒಳಗೆ ಒಂದು ಫೈಲ್ ಇಡಲು ಬಿಡುವುದಿಲ್ಲ. ಹಾಗಾದರೆ ಸಾಫ್ಟ್‌ವೇರ್ ಹಾಕುವುದಾದರೂ ಎಲ್ಲಿ?
— ಡಿಟಿಪಿ ಅಂಗಡಿ, ಶಿರಸಿ

ಉತ್ತರ: ಬೀಗ ಇರುವುದು ಮುಖ್ಯವಾಗಿ /ಯುಎಸ್ಆರ್‌ಗೆ, ಅಂದರೆ ವ್ಯವಸ್ಥೆಯ ಪ್ರೋಗ್ರಾಮ್‌ಗಳಿರುವ ಫೋಲ್ಡರಿಗೆ. /ಇಟಿಸಿ (ಸೆಟ್ಟಿಂಗ್ ಫೈಲುಗಳ ಜಾಗ) ಮತ್ತು /ವಾರ್ (ಬದಲಾಗುವ ದತ್ತಾಂಶದ ಜಾಗ) ಎರಡಕ್ಕೂ ಬರೆಯಬಹುದು. ನಿಮ್ಮ ಮನೆ ಫೋಲ್ಡರ್ ನಿಜಕ್ಕೂ ಇರುವುದು /ವಾರ್/ಹೋಮ್‌ನಲ್ಲಿ. /ಆಪ್ಟ್, /ಯುಎಸ್ಆರ್/ಲೋಕಲ್ ಎರಡೂ /ವಾರ್ ಒಳಗಿನ ಜಾಗಕ್ಕೆ ಕೊಂಡಿಗಳು. ಆದ್ದರಿಂದ ಕೈಯಿಂದ ಇಡುವ ಸ್ಕ್ರಿಪ್ಟ್‌ಗೆ /ಯುಎಸ್ಆರ್/ಲೋಕಲ್/ಬಿನ್ ಈಗಲೂ ಸರಿಯಾದ ಜಾಗ.

ಸಾಫ್ಟ್‌ವೇರ್‌ಗೆ ಮೂರು ದಾರಿಗಳಿವೆ, ಅವುಗಳ ಸರದಿ ಮುಖ್ಯ. ಕಿಟಕಿ ತೆರೆದು ಕೆಲಸ ಮಾಡುವ ಆಪ್ ಆದರೆ ಫ್ಲಾಟ್‌ಪ್ಯಾಕ್, ಅಂದರೆ ಮೂಲ ವ್ಯವಸ್ಥೆಯನ್ನು ಮುಟ್ಟದೆ ಬೇರೆಯಾಗಿ ಕೂರುವ ಆಪ್ ಕಟ್ಟು. ಇಂಕ್‌ಸ್ಕೇಪ್, ಸ್ಕ್ರೈಬಸ್, ಗಿಂಪ್, ಲಿಬ್ರೆಆಫೀಸ್ ನಾಲ್ಕೂ ಅವುಗಳ ಆನ್‌ಲೈನ್ ಭಂಡಾರವಾದ ಫ್ಲಾಟ್‌ಹಬ್‌ನಲ್ಲಿವೆ, ನಿಮ್ಮ ಅಂಗಡಿಯ ಮುಕ್ಕಾಲು ಕೆಲಸ ಅಲ್ಲಿಗೇ ಮುಗಿಯಿತು. ಟರ್ಮಿನಲ್‌ನಲ್ಲಿ ಓಡುವ ಸಾಧನವೋ ಪ್ರೋಗ್ರಾಮಿಂಗ್‌ಗೆ ಬೇಕಾದ್ದೋ ಆದರೆ ಟೂಲ್‌ಬಾಕ್ಸ್, ಅಂದರೆ ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯೊಳಗಿನ ಸಾಮಾನ್ಯ ಲಿನಕ್ಸ್. ‘ಟೂಲ್‌ಬಾಕ್ಸ್ ಕ್ರಿಯೇಟ್’, ಆಮೇಲೆ ‘ಟೂಲ್‌ಬಾಕ್ಸ್ ಎಂಟರ್’. ಒಳಗೆ ಹೋದ ಮೇಲೆ ಪ್ಯಾಕೇಜ್ ಹಾಕುವ ನಿಮ್ಮ ಹಳೇ ಡಿಎನ್ಎಫ್ ಎಂದಿನಂತೆ ನಡೆಯುತ್ತದೆ, ಮನೆ ಫೋಲ್ಡರ್ ಕೂಡ ಅದೇ. ಉಬುಂಟು ಅಥವಾ ಡೆಬಿಯನ್‌ನ ಪ್ಯಾಕೇಜೇ ಬೇಕೆಂದರೆ ಡಿಸ್ಟ್ರೊಬಾಕ್ಸ್ ಹಿಡಿಯಿರಿ. ಒಳಗಿನ ಆಪ್ ಅನ್ನು ಹೊರಗಿನ ಮೆನುವಿಗೆ ತರಲು ಅದರಲ್ಲಿ ‘ಡಿಸ್ಟ್ರೊಬಾಕ್ಸ್-ಎಕ್ಸ್‌ಪೋರ್ಟ್ --ಆಪ್’ ಇದೆ.

ಮೂರನೆಯದು ಲೇಯರಿಂಗ್: ‘ಆರ್‌ಪಿಎಂ-ಒಎಸ್‌ಟ್ರೀ ಇನ್‌ಸ್ಟಾಲ್’ ಎಂದು ಹೇಳಿ ಪ್ಯಾಕೇಜ್ ಹೆಸರು ಕೊಟ್ಟರೆ ಮೂಲ ಇಮೇಜಿನ ಮೇಲೆ ಅದನ್ನು ಸೇರಿಸಿ ಹೊಸ ಆವೃತ್ತಿ ಕಟ್ಟುತ್ತದೆ. ರೀಬೂಟ್ ಮಾಡಿದ ಮೇಲೆ ಸಿಗುತ್ತದೆ. ಯಂತ್ರಾಂಶಕ್ಕೆ, ಲಾಗಿನ್‌ಗೆ, ಕೀಲಿಮಣೆಗೆ, ಮುದ್ರಣಕ್ಕೆ ಕೈ ಹಾಕುವ ಪ್ಯಾಕೇಜ್‌ಗಳಿಗೆ ಈ ದಾರಿ, ಉಳಿದವಕ್ಕೆ ಬೇಡ. ಲೇಯರ್ ಮಾಡುವುದು ಪಾಪವೇನಲ್ಲ, ಖರ್ಚು ಇದೆ ಅಷ್ಟೆ. ಒಂದೂ ಲೇಯರ್ ಇಲ್ಲದ ಯಂತ್ರ ಅಪ್‌ಡೇಟ್ ಆಗುವಾಗ ಸಿದ್ಧ ಇಮೇಜನ್ನು ತಂದು ಇಡುತ್ತದೆ. ಒಂದೇ ಒಂದು ಪ್ಯಾಕೇಜ್ ಲೇಯರ್ ಆದರೂ ಪ್ರತಿ ಸಲ ರೆಪೊಗಳ (ಪ್ಯಾಕೇಜ್ ಭಂಡಾರಗಳ) ಪಟ್ಟಿಯನ್ನು ಇಳಿಸಿ, ಅವಲಂಬನೆ ಲೆಕ್ಕ ಹಾಕಿ, ಇಮೇಜನ್ನು ನಿಮ್ಮ ಯಂತ್ರದಲ್ಲೇ ಮರುಜೋಡಿಸಬೇಕು. ಹತ್ತು ನಿಮಿಷ ತಡವಾಗುವುದು ಒತ್ತಟ್ಟಿಗಿರಲಿ, ಆ ಲೆಕ್ಕ ಕೂಡದ ದಿನ ಅಪ್‌ಡೇಟೇ ನಿಲ್ಲುತ್ತದೆ. ಏನೇನು ಲೇಯರ್ ಆಗಿದೆ ಎಂದು ‘ಆರ್‌ಪಿಎಂ-ಒಎಸ್‌ಟ್ರೀ ಸ್ಟೇಟಸ್’ ತೋರಿಸುತ್ತದೆ. ಬೇಡದ್ದನ್ನು ‘ಆರ್‌ಪಿಎಂ-ಒಎಸ್‌ಟ್ರೀ ಅನ್‌ಇನ್‌ಸ್ಟಾಲ್’ ಮಾಡಿ. ಎಲ್ಲವನ್ನೂ ಒಮ್ಮೆಲೇ ತೆಗೆದು ಮೂಲ ಇಮೇಜಿಗೆ ಮರಳಲು ‘ಆರ್‌ಪಿಎಂ-ಒಎಸ್‌ಟ್ರೀ ರಿಸೆಟ್’.

ಒಂದು ಸಾಧನವನ್ನು ಈಗಲೇ, ಇವತ್ತಿಗೆ ಮಾತ್ರ ಪ್ರಯೋಗಿಸಿ ನೋಡಬೇಕೆಂದರೆ ‘ಸುಡೊ ಆರ್‌ಪಿಎಂ-ಒಎಸ್‌ಟ್ರೀ ಯುಎಸ್ಆರ್‌ಓವರ್‌ಲೇ’ ಕೊಡಿ. /ಯುಎಸ್ಆರ್ ಮೇಲೆ ಬರೆಯಬಹುದಾದ ತಾತ್ಕಾಲಿಕ ಪದರ ಬರುತ್ತದೆ. ರೀಬೂಟ್ ಮಾಡಿದರೆ ಅದರಲ್ಲಿ ಬರೆದದ್ದೆಲ್ಲ ಮಾಯ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೇಳದೇ ಕೇಳದೇ ಹೋಗ್ತದೆ. ಅಪ್‌ಡೇಟ್ ನಡೆಯುವಾಗಲೇ ಹೋದರೆ ಯಂತ್ರ ಏಳ್ತದೋ ಇಲ್ಲವೋ?
— ಓದುಗರು, ಅಂಕೋಲಾ

ಉತ್ತರ: ಏಳುತ್ತದೆ. ಸಾಮಾನ್ಯ ಲಿನಕ್ಸ್‌ನಲ್ಲಿ ಡಿಎನ್ಎಫ್ ಅಥವಾ ಉಬುಂಟುವಿನ ಎಪಿಟಿ ಓಡುವಾಗ ಕರೆಂಟು ಹೋದರೆ ಅರ್ಧ ಪ್ಯಾಕೇಜ್ ಹೊಸತು, ಅರ್ಧ ಹಳೆಯದು ಎಂಬ ಸ್ಥಿತಿ ಬರುತ್ತದೆ. ಇಲ್ಲಿ ಓಡುತ್ತಿರುವ ವ್ಯವಸ್ಥೆಯನ್ನು ಯಾರೂ ಮುಟ್ಟುವುದಿಲ್ಲ. ಹೊಸದು ಬೇರೆ ಜಾಗದಲ್ಲಿ ತಯಾರಾಗುತ್ತದೆ. ತಯಾರಾದ ಮೇಲೂ ಅದು ‘ಸ್ಟೇಜ್ಡ್’, ಅಂದರೆ ಸರದಿಗೆ ಕಾದಿರುವುದು, ಅಷ್ಟೆ. ನೀವು ಶಟ್‌ಡೌನ್ ಅಥವಾ ರೀಬೂಟ್ ಮಾಡಿದಾಗ /ಇಟಿಸಿ ಬದಲಾವಣೆಗಳನ್ನು ಹೊಸದಕ್ಕೆ ಹೊಂದಿಸಿ, ಕೊನೆಗೆ ಬೂಟ್ ಪಟ್ಟಿ ಬದಲಾಗುತ್ತದೆ.

ಹಾಗಾಗಿ ಅಪ್‌ಡೇಟ್ ಮುಗಿದಿದೆ, ರೀಬೂಟ್ ಮಾಡಿಲ್ಲ, ಅಷ್ಟರಲ್ಲಿ ಕರೆಂಟು ಹೋಯಿತು ಎಂದಾದರೆ ಮುಂದಿನ ಸಲ ಹಳೇ ಆವೃತ್ತಿಯೇ ಬರುತ್ತದೆ. ಸ್ಟೇಜ್ ಆಗಿದೆ ಎಂಬ ಗುರುತು /ರನ್‌ನಲ್ಲಿ, ಅಂದರೆ ಮೆಮೊರಿಯಲ್ಲಿ ಇತ್ತು, ಕರೆಂಟಿನ ಜತೆ ಹೋಯಿತು. ‘ಅಪ್‌ಡೇಟ್ ಮಾಡಿದ್ದೆ, ಆಗಿಯೇ ಇಲ್ಲ’ ಎಂಬ ದೂರಿಗೆ ಮಳೆಗಾಲದಲ್ಲಿ ಹೆಚ್ಚಾಗಿ ಇದೇ ಕಾರಣ. ಮತ್ತೆ ‘ಆರ್‌ಪಿಎಂ-ಒಎಸ್‌ಟ್ರೀ ಅಪ್‌ಗ್ರೇಡ್’ ಕೊಡಿ. ಇಳಿಸಿದ ಫೈಲುಗಳು ಡಿಸ್ಕಿನಲ್ಲಿ ಉಳಿದಿರುವುದರಿಂದ ಎರಡನೇ ಸಲ ಬೇಗ ಮುಗಿಯುತ್ತದೆ. ಈ ಸಲ ಕರೆಂಟು ಇರುವಾಗಲೇ ನೀವಾಗಿ ರೀಬೂಟ್ ಮಾಡಿಬಿಡಿ.

ಈ ರಕ್ಷಣೆ ಟೂಲ್‌ಬಾಕ್ಸ್‌ಗೆ ಇಲ್ಲ. ಅದರೊಳಗೆ ಡಿಎನ್ಎಫ್ ಓಡುವಾಗ ಕರೆಂಟು ಹೋದರೆ ಆ ಕಂಟೇನರ್ ಕೆಡಬಹುದು. ಕೆಟ್ಟದ್ದನ್ನು ರಿಪೇರಿ ಮಾಡುತ್ತ ಕೂರಬೇಡಿ. ‘ಟೂಲ್‌ಬಾಕ್ಸ್ ಆರ್‌ಎಂ --ಫೋರ್ಸ್’ ಮುಂದೆ ಕಂಟೇನರಿನ ಹೆಸರು ಕೊಟ್ಟು ಅಳಿಸಿ ಹೊಸದು ಮಾಡಿ, ಬೇಕಾದ ಪ್ಯಾಕೇಜ್‌ಗಳ ಹೆಸರನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳಿ. ನೀವು ಬರೆಯುತ್ತಿದ್ದ ಕಡತ, ತೆರೆದಿದ್ದ ಲೆಕ್ಕದ ಹಾಳೆ ಇವಕ್ಕೂ ಇಮೇಜ್ ವ್ಯವಸ್ಥೆ ಏನೂ ಮಾಡಲಾರದು. ಯುಪಿಎಸ್ ಬೇಕೇ ಬೇಕು.

ಪ್ರಶ್ನೆ: ಸೊಸೈಟಿಯ ಪತ್ರವ್ಯವಹಾರ ಎಲ್ಲ ನುಡಿ ಕೀಲಿಮಣೆಯಲ್ಲಿ. ಇಲ್ಲಿ ಅದು ಸಿಗ್ತದೆಯೇ? ಫಾಂಟ್ ಫೈಲುಗಳನ್ನು /ಯುಎಸ್ಆರ್/ಶೇರ್/ಫಾಂಟ್ಸ್‌ಗೆ ಹಾಕಲು ಬರುವುದಿಲ್ಲ.
— ಗುಮಾಸ್ತರು, ಸಿದ್ದಾಪುರ

ಉತ್ತರ: ಫಾಂಟ್ ಮೊದಲು. ಮನೆ ಫೋಲ್ಡರಿನಲ್ಲಿ ಡಾಟ್-ಲೋಕಲ್/ಶೇರ್/ಫಾಂಟ್ಸ್ ಎಂಬ ಜಾಗ ಮಾಡಿ (ಡಾಟ್‌ನಿಂದ ಶುರುವಾಗುವ ಫೋಲ್ಡರ್ ಕಾಣಲು ಕಂಟ್ರೋಲ್-ಎಚ್ ಒತ್ತಿ), ಫೈಲುಗಳನ್ನು ಅಲ್ಲಿಗೆ ನಕಲಿಸಿ, ‘ಎಫ್‌ಸಿ-ಕ್ಯಾಶ್ -ಎಫ್’ ಓಡಿಸಿ. ಫ್ಲಾಟ್‌ಪ್ಯಾಕ್ ಆಪ್‌ಗಳಿಗೆ ಈ ಫೋಲ್ಡರ್ ತಾನಾಗಿ ಕಾಣುತ್ತದೆ, ಬೇರೆ ಅನುಮತಿ ಬೇಡ. ತೆರೆದಿರುವ ಲಿಬ್ರೆಆಫೀಸನ್ನು ಮಾತ್ರ ಪೂರ್ತಿ ಮುಚ್ಚಿ ತೆರೆಯಬೇಕು. ಒಂದು ಎಚ್ಚರಿಕೆ: ಹಳೇ ನುಡಿ ಫೈಲುಗಳು ಯೂನಿಕೋಡ್ ಅಲ್ಲದಿದ್ದರೆ ಫಾಂಟ್ ಹಾಕಿದಾಗ ಕಣ್ಣಿಗೆ ಸರಿ ಕಾಣುತ್ತವೆ, ಆದರೆ ಹುಡುಕಲು, ವಿಂಗಡಿಸಲು ಬರುವುದಿಲ್ಲ. ಅವನ್ನು ಒಮ್ಮೆ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದೇ ಒಳ್ಳೆಯದು.

ಕೀಲಿಮಣೆಗೆ ಐಬಸ್-ಎಂ17ಎನ್ ಎಂಬ ಭಾರತೀಯ ಭಾಷೆಗಳ ಟೈಪಿಂಗ್ ಪ್ಯಾಕೇಜ್ ಬೇಕು. ‘ಆರ್‌ಪಿಎಂ -ಕ್ಯೂ ಐಬಸ್-ಎಂ17ಎನ್’ ಎಂದು ಕೇಳಿ, ಇಮೇಜಿನಲ್ಲೇ ಇದ್ದರೆ ಆವೃತ್ತಿ ಸಂಖ್ಯೆ ಬರುತ್ತದೆ. ಇಲ್ಲದಿದ್ದರೆ ಲೇಯರ್ ಮಾಡಿ, ಧಾರಾಳವಾಗಿ. ಕೀಲಿಮಣೆಯ ಎಂಜಿನ್ ಇಡೀ ಡೆಸ್ಕ್‌ಟಾಪಿಗೆ ಸೇರಿದ್ದು, ಅದನ್ನು ಟೂಲ್‌ಬಾಕ್ಸ್‌ನಲ್ಲಿ ಹಾಕಿದರೆ ಹೊರಗಿನ ಆಪ್‌ಗಳಿಗೆ ಸಿಗುವುದಿಲ್ಲ. ಆಮೇಲೆ ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟದಲ್ಲಿ ಇನ್‌ಪುಟ್ ಸೋರ್ಸ್ ಸೇರಿಸಿ, ಕನ್ನಡದ ಅಡಿಯಲ್ಲಿ ‘ಕೆಜಿಪಿ’ ಆರಿಸಿ. ಕನ್ನಡ ಗಣಕ ಪರಿಷತ್ತಿನ ವಿನ್ಯಾಸ ಅದೇ. ಸೂಪರ್ ಕೀ ಜತೆ ಸ್ಪೇಸ್ ಒತ್ತಿದರೆ ಇಂಗ್ಲಿಷ್-ಕನ್ನಡ ಬದಲಾಗುತ್ತದೆ.

ಪ್ರಶ್ನೆ: ‘ಡಿಎಫ್’ ಕೊಟ್ಟರೆ ರೂಟ್ ಡಿಸ್ಕು 100 ಪ್ರತಿಶತ ತುಂಬಿದೆ ಅಂತ ತೋರಿಸ್ತದೆ. 512 ಜಿಬಿಯ ಎಸ್‌ಎಸ್‌ಡಿ ಮಾರಾಯ್ರೆ, ಹಾಕಿ ವಾರ ಆಗಿಲ್ಲ!
— ಓದುಗರು, ಭಟ್ಕಳ

ಉತ್ತರ: ಗಾಬರಿ ಬೇಡ, ಡಿಸ್ಕು ತುಂಬಿಲ್ಲ. ಫೆಡೋರಾ 42ರಿಂದ ಈ ಡೆಸ್ಕ್‌ಟಾಪ್‌ಗಳಲ್ಲಿ ರೂಟ್ (/, ಎಲ್ಲ ಫೋಲ್ಡರುಗಳ ಬುಡ) ಅನ್ನು ಕಾಂಪೋಸ್‌ಎಫ್‌ಎಸ್ ಮೂಲಕ ತೆರೆಯುತ್ತಾರೆ. ಅದು ಬರೆಯಲಾಗದ ಚಿಕ್ಕ ಫೈಲ್‌ಸಿಸ್ಟಮ್, ತನ್ನ ಅಳತೆಯಷ್ಟೇ ತುಂಬಿರುತ್ತದೆ, ಹಾಗಾಗಿ ಯಾವಾಗಲೂ 100. ನೀವು ನೋಡಬೇಕಾದ ಸಾಲು /ವಾರ್‌ನದು. ಯಾವುದಾದರೂ ಇನ್‌ಸ್ಟಾಲರ್ ರೂಟ್‌ನ ಖಾಲಿ ಜಾಗ ನೋಡಿ ‘ಜಾಗವಿಲ್ಲ’ ಎಂದು ನಿಂತರೆ ತಪ್ಪು ಆ ಇನ್‌ಸ್ಟಾಲರಿನದು.

ಪ್ರಶ್ನೆ: ಯಕ್ಷಗಾನದ ವಿಡಿಯೊ ನೋಡಲೆಂದು ಆರ್‌ಪಿಎಂ ಫ್ಯೂಷನ್ ರೆಪೊ ಹಾಕಿ ಎಫ್‌ಎಫ್‌ಎಂಪೆಗ್ ಲೇಯರ್ ಮಾಡಿದ್ದೆ. ಈಗ 41ರಿಂದ 42ಕ್ಕೆ ಹೋಗಲು ಬಿಡುತ್ತಿಲ್ಲ, ಪ್ಯಾಕೇಜ್‌ಗಳ ನಡುವೆ ಸಂಘರ್ಷ ಎನ್ನುತ್ತದೆ. ಅದಕ್ಕೂ ಮೊದಲು ಒಂದು ಡೆವೆಲ್ ಪ್ಯಾಕೇಜ್ ಹಾಕಹೋದಾಗಲೂ ಇಂಥದೇ ತಕರಾರು.
— ಓದುಗರು, ಕಾರವಾರ

ಉತ್ತರ: ಎರಡೂ ಬೇರೆ ಬೇರೆ ಕಾಯಿಲೆ. ಡೆವೆಲ್ ಪ್ಯಾಕೇಜಿನದು (ಪ್ರೋಗ್ರಾಮ್ ಬರೆಯುವವರಿಗೆ ಬೇಕಾದ ಲೈಬ್ರರಿ ಫೈಲುಗಳು) ಸುಲಭ. ಇಂಥ ಪ್ಯಾಕೇಜ್‌ಗೆ ತನ್ನದೇ ಆವೃತ್ತಿಯ ಲೈಬ್ರರಿ ಬೇಕು. ನಿಮ್ಮ ಇಮೇಜಿನಲ್ಲಿರುವುದು ಹೋದ ವಾರದ ಲೈಬ್ರರಿ, ರೆಪೊದಲ್ಲಿರುವುದು ಇವತ್ತಿನ ಡೆವೆಲ್. ಇಮೇಜಿನೊಳಗಿನ ಲೈಬ್ರರಿಯನ್ನು ಲೇಯರಿಂಗ್ ತಾನಾಗಿ ಮೇಲಕ್ಕೇರಿಸುವುದಿಲ್ಲ, ಹಾಗಾಗಿ ನಿಲ್ಲುತ್ತದೆ. ಮೊದಲು ಅಪ್‌ಗ್ರೇಡ್, ರೀಬೂಟ್, ಆಮೇಲೆ ಇನ್‌ಸ್ಟಾಲ್. ಆಗಲೂ ಆಗದಿದ್ದರೆ ಹೊಸ ಇಮೇಜ್ ಇನ್ನೂ ಹೊರಬಂದಿಲ್ಲ ಎಂದರ್ಥ, ಒಂದೆರಡು ದಿನ ಬಿಟ್ಟು ನೋಡಿ. ಅಂದ ಹಾಗೆ ಡೆವೆಲ್ ಪ್ಯಾಕೇಜ್ ಇರಬೇಕಾದದ್ದು ಟೂಲ್‌ಬಾಕ್ಸ್‌ನಲ್ಲಿ.

ಆವೃತ್ತಿ ಬದಲಾವಣೆಯ ತೊಂದರೆಗೆ ಕಾರಣ ರೆಪೊ ಪ್ಯಾಕೇಜನ್ನು ನೀವು ಹಾಕಿದ ರೀತಿ. ಮೊದಲ ಸಲ ಅದನ್ನು ಆರ್‌ಪಿಎಂ ಫೈಲಾಗಿ ಇಳಿಸಿ ಹಾಕುತ್ತೇವೆ. ಹಾಗೆ ಹಾಕಿದ್ದು 41 ಎಂಬ ಸಂಖ್ಯೆಗೆ ಅಂಟಿಕೊಂಡಿರುತ್ತದೆ, 42ಕ್ಕೆ ತಾನಾಗಿ ಏರುವುದಿಲ್ಲ. 41ರಲ್ಲಿರುವಾಗಲೇ ಒಂದೇ ಆಜ್ಞೆಯಲ್ಲಿ ತೆಗೆದು ಹಾಕಿ: ‘ಆರ್‌ಪಿಎಂ-ಒಎಸ್‌ಟ್ರೀ ಅಪ್‌ಡೇಟ್ --ಅನ್‌ಇನ್‌ಸ್ಟಾಲ್ ಆರ್‌ಪಿಎಂಫ್ಯೂಷನ್-ಫ್ರೀ-ರಿಲೀಸ್ --ಇನ್‌ಸ್ಟಾಲ್ ಆರ್‌ಪಿಎಂಫ್ಯೂಷನ್-ಫ್ರೀ-ರಿಲೀಸ್’. ನಾನ್‌ಫ್ರೀ ರೆಪೊ ಕೂಡ ಇದ್ದರೆ ಅದರ ಹೆಸರಿಗೂ ಇದೇ ಜೋಡಿಯನ್ನು ಅದೇ ಸಾಲಿನಲ್ಲಿ ಸೇರಿಸಿ. ಈಗ ಫೈಲಿನ ಬದಲು ರೆಪೊದಿಂದಲೇ ಬರುವುದರಿಂದ ಸಂಖ್ಯೆಯ ಅಂಟು ಬಿಡುತ್ತದೆ. ರೀಬೂಟ್ ಮಾಡಿ, ಆಮೇಲೆ ‘ಆರ್‌ಪಿಎಂ-ಒಎಸ್‌ಟ್ರೀ ರಿಬೇಸ್’ ಕೊಟ್ಟು 42ರ ಸಿಲ್ವರ್‌ಬ್ಲೂ ಶಾಖೆಗೆ ಹೋಗಿ.

ಹೋಗುವ ಮೊದಲು ‘ಸುಡೊ ಒಎಸ್‌ಟ್ರೀ ಅಡ್ಮಿನ್ ಪಿನ್ 0’ ಕೊಟ್ಟು ಈಗ ಸರಿಯಾಗಿ ಓಡುತ್ತಿರುವುದನ್ನು ಉಳಿಸಿಕೊಳ್ಳಿ (ಸ್ಟೇಟಸ್ ಪಟ್ಟಿಯಲ್ಲಿ ಚುಕ್ಕೆ ಇರುವುದು ಮೊದಲನೆಯದಾದರೆ ಅದು 0). ಪಿನ್ ಮಾಡದ ಹಳೇ ಆವೃತ್ತಿ ಎರಡು ಅಪ್‌ಡೇಟ್ ಆಗುವಷ್ಟರಲ್ಲಿ ಹೋಗಿಬಿಡುತ್ತದೆ. 42 ಸರಿ ಎಂದು ಖಾತ್ರಿಯಾದ ಮೇಲೆ ‘--ಅನ್‌ಪಿನ್’ ಕೊಡಲು ಮರೆಯಬೇಡಿ. ಪಿನ್ ಮಾಡಿದ ಪ್ರತಿ ಆವೃತ್ತಿಯೂ ತನ್ನ ಕರ್ನೆಲನ್ನು /ಬೂಟ್‌ನಲ್ಲಿ ಇಟ್ಟುಕೊಂಡಿರುತ್ತದೆ. /ಬೂಟ್ ಪಾರ್ಟಿಷನ್ ದೊಡ್ಡದಲ್ಲ, ಮೂರ್ನಾಲ್ಕು ಪಿನ್ ಆದರೆ ಹೊಸ ಅಪ್‌ಡೇಟಿಗೆ ಜಾಗ ಸಾಲದೆ ಹೋಗುತ್ತದೆ.

ಇಷ್ಟೆಲ್ಲ ಒಂದು ವಿಡಿಯೊಗೆ ಬೇಕೇ? ಫ್ಲಾಟ್‌ಹಬ್‌ನ ವಿಎಲ್‌ಸಿ ತನಗೆ ಬೇಕಾದ ಕೋಡೆಕ್‌ಗಳನ್ನು (ವಿಡಿಯೊ ಬಿಚ್ಚುವ ಸಾಧನಗಳನ್ನು) ತಾನೇ ಹೊತ್ತು ತರುತ್ತದೆ. ಎಫ್‌ಎಫ್‌ಎಂಪೆಗ್ ಲೇಯರನ್ನೂ ಫ್ಯೂಷನ್ ರೆಪೊವನ್ನೂ ತೆಗೆದುಬಿಟ್ಟರೆ 43ಕ್ಕೆ ಹೋಗುವಾಗ ಈ ಪತ್ರ ಬರೆಯುವ ಕೆಲಸ ಇರುವುದಿಲ್ಲ. ಎನ್‌ವಿಡಿಯಾ ಡ್ರೈವರ್‌ಗೆ ಆ ರೆಪೊ ಬೇಕಿದ್ದವರ ಮಾತು ಬೇರೆ.

ಪ್ರಶ್ನೆ: ಜೊಯಿಡಾದಲ್ಲಿ ನಮ್ಮ ಮನೆಗೆ ಮೊಬೈಲ್ ಹಾಟ್‌ಸ್ಪಾಟ್ ಬಿಟ್ಟರೆ ಗತಿಯಿಲ್ಲ, ಅದೂ ಗುಡ್ಡದ ಮೇಲೆ ಹೋದರೆ. ಫ್ಲಾಟ್‌ಪ್ಯಾಕ್ ಆಪ್ ಒಂದಕ್ಕೇ ದಿನದ ಡೇಟಾ ಮುಗಿಯುತ್ತದೆ. ಕಾರವಾರದಲ್ಲಿ ತಮ್ಮನ ಮನೆಯಲ್ಲಿ ಫೈಬರ್ ಇದೆ. ಅಲ್ಲಿ ಇಳಿಸಿ ಪೆನ್ ಡ್ರೈವಿನಲ್ಲಿ ತರಬಹುದೇ?
— ಓದುಗರು, ಜೊಯಿಡಾ

ಉತ್ತರ: ತರಬಹುದು, ಅದಕ್ಕೆಂದೇ ಫ್ಲಾಟ್‌ಪ್ಯಾಕ್‌ನಲ್ಲಿ ಒಂದು ಆಜ್ಞೆ ಇದೆ. ಮೊದಲ ಆಪ್ ದೊಡ್ಡದಾಗಿ ಕಾಣುವುದು ಅದರ ಜತೆ ಬರುವ ರನ್‌ಟೈಮ್‌ನಿಂದ, ಅಂದರೆ ಹಲವು ಆಪ್‌ಗಳು ಹಂಚಿಕೊಳ್ಳುವ ಲೈಬ್ರರಿಗಳ ಕಟ್ಟಿನಿಂದ. ನೋಮ್ ಅಥವಾ ಕೆಡಿಇ ರನ್‌ಟೈಮ್ ಕೆಲವು ನೂರು ಎಂಬಿ ಇರುತ್ತದೆ. ಅದೇ ರನ್‌ಟೈಮಿನ ಎರಡನೇ ಆಪ್‌ಗೆ ಅಷ್ಟು ಬೇಡ. ಆದರೆ ಬೇರೆ ಆವೃತ್ತಿಯ ರನ್‌ಟೈಮ್ ಕೇಳುವ ಆಪ್ ಆದರೆ ಮತ್ತೆ ಅಷ್ಟೇ ದೊಡ್ಡ ಇಳಿಕೆ.

ಕ್ರಮ ಹೀಗೆ. ಎರಡೂ ಯಂತ್ರಗಳಲ್ಲಿ ಫ್ಲಾಟ್‌ಹಬ್ ರೆಪೊ ಇರಬೇಕು, ಎರಡರಲ್ಲೂ ಒಮ್ಮೆ ‘ಫ್ಲಾಟ್‌ಪ್ಯಾಕ್ ರಿಮೋಟ್-ಮಾಡಿಫೈ --ಕಲೆಕ್ಷನ್-ಐಡಿ=ಆರ್ಗ್.ಫ್ಲಾಟ್‌ಹಬ್.ಸ್ಟೇಬಲ್ ಫ್ಲಾಟ್‌ಹಬ್’ ಕೊಡಬೇಕು. ಇಲ್ಲಿ ಸ್ಟೇಬಲ್‌ನ ಮೊದಲ ಅಕ್ಷರ ಮಾತ್ರ ದೊಡ್ಡದು. ಈ ಗುರುತಿಲ್ಲದೆ ಪೆನ್ ಡ್ರೈವಿನಲ್ಲಿರುವುದು ಫ್ಲಾಟ್‌ಹಬ್‌ನದೇ ಎಂದು ನಿಮ್ಮ ಯಂತ್ರಕ್ಕೆ ತಿಳಿಯುವುದಿಲ್ಲ. ತಮ್ಮನ ಯಂತ್ರದಲ್ಲಿ ಆಪ್ ಹಾಕಿ, ‘ಫ್ಲಾಟ್‌ಪ್ಯಾಕ್ ಅಪ್‌ಡೇಟ್’ ಮಾಡಿ, ಆಮೇಲೆ ‘ಫ್ಲಾಟ್‌ಪ್ಯಾಕ್ ಕ್ರಿಯೇಟ್-ಯುಎಸ್‌ಬಿ’, ಪೆನ್ ಡ್ರೈವ್ ತೆರೆದಿರುವ ಜಾಗ, ಆಪ್‌ನ ಪೂರ್ತಿ ಐಡಿ. ರನ್‌ಟೈಮ್ ಕೂಡ ತಾನಾಗಿ ಸೇರಿಕೊಳ್ಳುತ್ತದೆ. ಪೆನ್ ಡ್ರೈವನ್ನು ಇಎಕ್ಸ್‌ಟಿ4 ಮಾಡಿಕೊಂಡರೆ ತಂಟೆ ಕಡಿಮೆ. ನಿಮ್ಮ ಮನೆಯಲ್ಲಿ ‘ಫ್ಲಾಟ್‌ಪ್ಯಾಕ್ ಇನ್‌ಸ್ಟಾಲ್ --ಸೈಡ್‌ಲೋಡ್-ರೆಪೊ=’ ಎಂದು ಬರೆದು ಪೆನ್ ಡ್ರೈವಿನೊಳಗಿನ ಡಾಟ್-ಒಎಸ್‌ಟ್ರೀ/ರೆಪೊ ಫೋಲ್ಡರ್ ತೋರಿಸಿ, ಕೊನೆಗೆ ಫ್ಲಾಟ್‌ಹಬ್ ಮತ್ತು ಆಪ್‌ನ ಐಡಿ.

ಸಾಮಾನ್ಯವಾಗಿ ಎಡವುವುದು ಭಾಷೆಯಲ್ಲಿ. ಅನುವಾದಗಳು ಬೇರೆ ತುಂಡಾಗಿ ಬರುತ್ತವೆ, ಯಂತ್ರದ ಭಾಷೆಗೆ ಬೇಕಾದಷ್ಟನ್ನೇ ಇಳಿಸುತ್ತದೆ. ತಮ್ಮನ ಯಂತ್ರ ಇಂಗ್ಲಿಷಿನಲ್ಲಿ, ನಿಮ್ಮದು ಕನ್ನಡದಲ್ಲಿ ಇದ್ದರೆ ನಿಮ್ಮಲ್ಲಿ ಹಾಕುವಾಗ ಆ ತುಂಡು ಸಿಗದೆ ತಕರಾರು ಬರಬಹುದು. ಅಲ್ಲಿ ‘ಫ್ಲಾಟ್‌ಪ್ಯಾಕ್ ಕಾನ್ಫಿಗ್ --ಸೆಟ್ ಲಾಂಗ್ವೇಜಸ್’ ಎಂದು ಇಎನ್ ಮತ್ತು ಕೆಎನ್ ಎರಡನ್ನೂ ನಡುವೆ ಅರ್ಧವಿರಾಮ (;) ಹಾಕಿ, ಉದ್ಧರಣ ಚಿಹ್ನೆಯೊಳಗೆ ಕೊಟ್ಟು, ಅಪ್‌ಡೇಟ್ ಮಾಡಿ, ಮತ್ತೆ ಪೆನ್ ಡ್ರೈವ್ ತಯಾರಿಸಿ.

ಹಾಟ್‌ಸ್ಪಾಟ್ ಸಂಪರ್ಕವನ್ನು ವೈಫೈ ಸೆಟ್ಟಿಂಗಿನಲ್ಲಿ ‘ಮೀಟರ್ಡ್’ ಎಂದು ಗುರುತಿಸಿಡಿ, ನೋಮ್ ಸಾಫ್ಟ್‌ವೇರ್ ಹಿಂದಿನಿಂದ ಡೇಟಾ ಎಳೆಯುವುದು ನಿಲ್ಲುತ್ತದೆ. ಯಾರೂ ಬಳಸದ ರನ್‌ಟೈಮ್‌ಗಳನ್ನು ‘ಫ್ಲಾಟ್‌ಪ್ಯಾಕ್ ಅನ್‌ಇನ್‌ಸ್ಟಾಲ್ --ಅನ್‌ಯೂಸ್ಡ್’ ತೆಗೆಯುತ್ತದೆ. ಹಾಗೆಯೇ ಲೇಯರ್‌ಗಳನ್ನು ಸೊನ್ನೆಗೆ ತನ್ನಿ: ಲೇಯರ್ ಇದ್ದರೆ ಅಪ್‌ಡೇಟ್ ಇಲ್ಲದ ದಿನವೂ ರೆಪೊ ಪಟ್ಟಿಗೇ ಹತ್ತಾರು ಎಂಬಿ ಹೋಗುತ್ತದೆ.

ಪ್ರಶ್ನೆ: ಅಡಿಕೆ ತೋಟದ ತೇವ ಅಳೆಯುವ ಪ್ರಾಜೆಕ್ಟಿಗೆ ಇಎಸ್‌ಪಿ32 ಬೋರ್ಡ್ ಬಳಸುತ್ತಿದ್ದೇವೆ. ಪೋರ್ಟ್ ತೆರೆಯಲು ಅನುಮತಿ ಇಲ್ಲ ಎನ್ನುತ್ತದೆ. ಡಯಲ್‌ಔಟ್ ಗುಂಪಿಗೆ ಸೇರಿಸಹೋದರೆ ಅಂಥ ಗುಂಪೇ ಇಲ್ಲವಂತೆ!
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಕುಮಟಾ

ಉತ್ತರ: ಗುಂಪು ಇದೆ, ಇರುವುದು /ಯುಎಸ್ಆರ್/ಲಿಬ್/ಗ್ರೂಪ್ ಎಂಬ ಫೈಲಿನಲ್ಲಿ. ‘ಯೂಸರ್‌ಮಾಡ್’ ನೋಡುವುದು /ಇಟಿಸಿ/ಗ್ರೂಪ್ ಮಾತ್ರ. ಮೊದಲಿನ ಫೈಲಿನಿಂದ ಡಯಲ್‌ಔಟ್ ಸಾಲನ್ನು ನಕಲಿಸಿ ಎರಡನೆಯದರ ಕೊನೆಗೆ ಸೇರಿಸಿ, ಆಮೇಲೆ ‘ಯೂಸರ್‌ಮಾಡ್ -ಎಜಿ ಡಯಲ್‌ಔಟ್’ (ಎ ಸಣ್ಣದು, ಜಿ ದೊಡ್ಡದು), ಮುಂದೆ ನಿಮ್ಮ ಬಳಕೆದಾರ ಹೆಸರು ಕೊಟ್ಟು ಲಾಗ್‌ಔಟ್ ಆಗಿ ಬನ್ನಿ.

ಆದರೆ ಟೂಲ್‌ಬಾಕ್ಸ್ ಒಳಗಿನಿಂದ ಬೋರ್ಡಿಗೆ ಪ್ರೋಗ್ರಾಮ್ ಕಳಿಸುವವರಿಗೆ ಗುಂಪಿನ ದಾರಿ ಕೈಕೊಡಬಹುದು, ಕಂಟೇನರಿನೊಳಗೆ ನಿಮ್ಮ ಹೆಚ್ಚುವರಿ ಗುಂಪುಗಳು ಹಾಗೆಯೇ ಬರುತ್ತವೆ ಎಂಬ ಭರವಸೆ ಇಲ್ಲ. ಯುಡೆವ್ (ಚುಚ್ಚಿದ ಸಾಧನಗಳನ್ನು ನಿಭಾಯಿಸುವ ಸೇವೆ) ನಿಯಮ ಇದಕ್ಕಿಂತ ಗಟ್ಟಿ. /ಇಟಿಸಿ/ಯುಡೆವ್/ರೂಲ್ಸ್.ಡಿ ಒಳಗೆ 70ರಿಂದ ಶುರುವಾಗುವ ಹೆಸರಿನ ಫೈಲ್ ಮಾಡಿ. ಅದರಲ್ಲಿ ಸಬ್‌ಸಿಸ್ಟಮ್ ಟಿಟಿವೈ, ವೆಂಡರ್ ಐಡಿ, ಪ್ರಾಡಕ್ಟ್ ಐಡಿ, ಕೊನೆಗೆ ‘ಯುಆಕ್ಸೆಸ್’ ಟ್ಯಾಗ್. ಬೋರ್ಡಿನಲ್ಲಿ ಸಿಎಚ್340 ಚಿಪ್ ಇದ್ದರೆ 1ಎ86 ಮತ್ತು 7523, ಸಿಪಿ2102 ಇದ್ದರೆ 10ಸಿ4 ಮತ್ತು ಇಎ60. ‘ಎಲ್‌ಎಸ್‌ಯುಎಸ್‌ಬಿ’ ಕೊಟ್ಟರೆ ನಿಮ್ಮದು ಯಾವುದೆಂದು ಕಾಣುತ್ತದೆ. ಫೈಲಿನ ಸಂಖ್ಯೆ 73ಕ್ಕಿಂತ ಕಡಿಮೆ ಇರಲೇಬೇಕು, ಅನುಮತಿ ಕೊಡುವ ವ್ಯವಸ್ಥೆಯ ನಿಯಮ 73ರಲ್ಲಿದೆ. 99 ಎಂದು ಹೆಸರಿಟ್ಟರೆ ನಿಮ್ಮ ಟ್ಯಾಗ್ ಅದು ಮುಗಿದ ಮೇಲೆ ಬರುತ್ತದೆ. ‘ಯುಡೆವ್‌ಅಡ್ಮ್ ಕಂಟ್ರೋಲ್ --ರಿಲೋಡ್’ ಕೊಟ್ಟು ಬೋರ್ಡ್ ಕಿತ್ತು ಮತ್ತೆ ಚುಚ್ಚಿ.

ಪ್ರಶ್ನೆ: ಹಳೇ ಲೇಸರ್ ಪ್ರಿಂಟರಿನ ಡ್ರೈವರ್ ಸಿಡಿಯಲ್ಲಿರುವ ಇನ್‌ಸ್ಟಾಲ್ ಸ್ಕ್ರಿಪ್ಟ್ ‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಎಂದು ನಿಲ್ಲುತ್ತದೆ.
— ಝೆರಾಕ್ಸ್ ಅಂಗಡಿ, ಯಲ್ಲಾಪುರ

ಉತ್ತರ: ಸ್ಕ್ರಿಪ್ಟ್ ತನ್ನ ಫಿಲ್ಟರನ್ನು /ಯುಎಸ್ಆರ್/ಲಿಬ್/ಕಪ್ಸ್/ಫಿಲ್ಟರ್‌ಗೆ ಬರೆಯಹೊರಟಿದೆ, ಆಗದು. ಪ್ರಿಂಟರ್ ಏರ್‌ಪ್ರಿಂಟ್ ಅಥವಾ ಐಪಿಪಿ ಎವ್ರಿವೇರ್ ಬಲ್ಲದಾದರೆ ಡ್ರೈವರೇ ಬೇಡ, ಸೆಟ್ಟಿಂಗ್ಸ್‌ನಲ್ಲಿ ಸೇರಿಸಿದರಾಯಿತು. ಬರುವುದಿಲ್ಲ ಎಂದಾದರೆ ಅದೇ ಡ್ರೈವರ್ ಆರ್‌ಪಿಎಂ ರೂಪದಲ್ಲಿ ಸಿಗುತ್ತದೆಯೇ ನೋಡಿ, ಸಿಕ್ಕರೆ ‘ಆರ್‌ಪಿಎಂ-ಒಎಸ್‌ಟ್ರೀ ಇನ್‌ಸ್ಟಾಲ್’ ಮುಂದೆ ಫೈಲಿನ ಜಾಗ ಕೊಟ್ಟು ಲೇಯರ್ ಮಾಡಿ. ಫೈಲಿನಿಂದ ಹಾಕಿದ್ದು ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಪ್ಯಾಕೇಜಿನೊಳಗಿನ ಸ್ಕ್ರಿಪ್ಟ್ ಹಾಕುವಾಗಲೇ ಸೇವೆ ಶುರು ಮಾಡಲು, ಪ್ರಿಂಟರ್ ಹುಡುಕಲು ಹೋದರೆ ಅದೂ ನಡೆಯದು, ಲೇಯರಿಂಗ್ ಆ ಸ್ಕ್ರಿಪ್ಟನ್ನು ಹೊರಜಗತ್ತು ಕಾಣದ ಪೆಟ್ಟಿಗೆಯಲ್ಲಿ ಓಡಿಸುತ್ತದೆ. ರೀಬೂಟ್ ಆದ ಮೇಲೆ ಪ್ರಿಂಟರನ್ನು ಕೈಯಿಂದ ಸೇರಿಸಿ. ಪಿಪಿಡಿ (ಪ್ರಿಂಟರಿನ ವಿವರ) ಫೈಲ್ /ಇಟಿಸಿ/ಕಪ್ಸ್‌ಗೆ ಹೋಗುವುದರಿಂದ ಅದಕ್ಕೆ ಅಡ್ಡಿಯಿಲ್ಲ.

ಸ್ಕ್ರಿಪ್ಟ್ ಬಿಟ್ಟು ಬೇರೇನೂ ಇಲ್ಲದಿದ್ದರೆ, ದಿನಕ್ಕೆ ನೂರಾರು ಹಾಳೆ ತೆಗೆಯುವ ಅಂಗಡಿಗೆ ನಮ್ಮ ಸಲಹೆ: ಆ ಪ್ರಿಂಟರನ್ನು ಸಾಮಾನ್ಯ ಲಿನಕ್ಸ್ ಇರುವ ಹಳೇ ಪಿಸಿಗೆ ಜೋಡಿಸಿ, ಲಿನಕ್ಸ್‌ನ ಮುದ್ರಣ ವ್ಯವಸ್ಥೆಯಾದ ಕಪ್ಸ್ ಮೂಲಕ ಹಂಚಿಕೊಳ್ಳಿ.

ಪ್ರಶ್ನೆ: ಕಾಲೇಜು ಲ್ಯಾಬಿನಲ್ಲಿ 30 ಪಿಸಿಗಳಿವೆ. ಎಲ್ಲದರಲ್ಲೂ ಸಿಲ್ವರ್‌ಬ್ಲೂ ಹಾಕಿ, ಒಂದೊಂದರಲ್ಲೂ ಜಿಸಿಸಿ, ಪೈಥಾನ್ ಇತ್ಯಾದಿ ಲೇಯರ್ ಮಾಡಬೇಕೆ? ಇಂಟರ್‌ನೆಟ್ ನಿಧಾನ.
— ಉಪನ್ಯಾಸಕರು, ಹೊನ್ನಾವರ

ಉತ್ತರ: ಬೇಡ. ನಿಮ್ಮದೇ ಇಮೇಜ್ ಒಂದನ್ನು ಕಟ್ಟಿ 30 ಯಂತ್ರಗಳಿಗೂ ಅದನ್ನೇ ಕೊಡಿ. ಇದಕ್ಕೆ ಬೂಟ್‌ಸಿ ಎಂಬ ಸಾಧನವಿದೆ, ಫೆಡೋರಾ 41ರಿಂದ ಈ ಡೆಸ್ಕ್‌ಟಾಪ್‌ಗಳಲ್ಲಿ ಜತೆಗೇ ಬರುತ್ತದೆ. ಇಮೇಜ್ ಎಂದರೆ ಪಾಡ್‌ಮನ್‌ಗೆ (ಕಂಟೇನರ್ ಓಡಿಸುವ ಸಾಧನ) ತಿಳಿಯುವ ಕಂಟೇನರ್ ಇಮೇಜೇ, ಕರ್ನೆಲ್ ಸಮೇತ ಇರುತ್ತದೆ ಅಷ್ಟೆ.

ಇಮೇಜ್ ಕಟ್ಟುವ ಸೂಚನೆಗಳ ಫೈಲಾದ ಕಂಟೇನರ್‌ಫೈಲ್‌ನಲ್ಲಿ ಮೂರು ಸಾಲು ಸಾಕು. ಮೊದಲನೆಯದು ‘ಫ್ರಮ್’, ಫೆಡೋರಾ ಪ್ರಕಟಿಸುವ ಸಿಲ್ವರ್‌ಬ್ಲೂ ಕಂಟೇನರ್ ಇಮೇಜು. ಕೊನೆಯಲ್ಲಿ ‘ಲೇಟೆಸ್ಟ್’ ಬೇಡ, 42 ಎಂದು ಸಂಖ್ಯೆಯನ್ನೇ ಬರೆಯಿರಿ, ಇಲ್ಲದಿದ್ದರೆ ಸೆಮಿಸ್ಟರ್ ನಡುವೆ ಆವೃತ್ತಿ ಬದಲಾದೀತು. ಎರಡನೆಯದು ‘ರನ್ ಡಿಎನ್ಎಫ್ ಇನ್‌ಸ್ಟಾಲ್ -ವೈ’ ಮತ್ತು ಪ್ಯಾಕೇಜ್‌ಗಳ ಹೆಸರು, ಹಿಂದೆಯೇ ‘ಡಿಎನ್ಎಫ್ ಕ್ಲೀನ್ ಆಲ್’. ಮೂರನೆಯದು ‘ರನ್ ಬೂಟ್‌ಸಿ ಕಂಟೇನರ್ ಲಿಂಟ್’, ಸಾಮಾನ್ಯ ತಪ್ಪುಗಳನ್ನು ಇದು ಕಟ್ಟುವಾಗಲೇ ಹಿಡಿಯುತ್ತದೆ. ಪ್ಯಾಕೇಜ್ ಸಂಘರ್ಷ ಬಂದರೆ ನಿಮ್ಮ ಮೇಜಿನ ಮೇಲೆ ಒಂದು ಸಲ ಬರುತ್ತದೆ, ಲ್ಯಾಬಿನಲ್ಲಿ 30 ಸಲ ಅಲ್ಲ. ಲೇಯರಿಂಗ್‌ಗಿಂತ ಇದು ಮೇಲು ಎನ್ನಲು ಇಷ್ಟೇ ಸಾಕು.

ಲ್ಯಾಬಿನ ಒಂದು ಯಂತ್ರವನ್ನು ಸರ್ವರ್ ಮಾಡಿ ಪಾಡ್‌ಮನ್‌ನಲ್ಲಿ ‘ರಿಜಿಸ್ಟ್ರಿ:2’ ಇಮೇಜನ್ನು 5000 ಪೋರ್ಟಿನಲ್ಲಿ ಓಡಿಸಿ, ಕಟ್ಟಿದ ಇಮೇಜನ್ನು ಅಲ್ಲಿಗೆ ಪುಶ್ ಮಾಡಿ. ಟಿಎಲ್‌ಎಸ್ (ಸಂಪರ್ಕದ ಗೂಢಲಿಪಿ ರಕ್ಷಣೆ) ಇಲ್ಲದ ರಿಜಿಸ್ಟ್ರಿ (ಇಮೇಜುಗಳ ಭಂಡಾರ) ಆದ್ದರಿಂದ ಪ್ರತಿ ಪಿಸಿಯ /ಇಟಿಸಿ/ಕಂಟೇನರ್ಸ್/ರಿಜಿಸ್ಟ್ರೀಸ್.ಕಾನ್ಫ್.ಡಿ ಒಳಗೆ ಆ ವಿಳಾಸವನ್ನು ‘ಇನ್‌ಸೆಕ್ಯೂರ್’ ಎಂದು ಒಪ್ಪಿಕೊಳ್ಳುವ ಚಿಕ್ಕ ಫೈಲ್ ಬೇಕು. ಮೊದಲ ಸಲ ಕೈಯಿಂದ ಇಡಿ, ಮುಂದಿನ ಸಲಕ್ಕೆ ಇಮೇಜಿನಲ್ಲೇ ಸೇರಿಸಿಬಿಡಿ. ಹೊರಗಿನವರು ಬರುವ ನೆಟ್‌ವರ್ಕ್ ಆದರೆ ಈ ಅಡ್ಡದಾರಿ ಬೇಡ, ಪ್ರಮಾಣಪತ್ರ ಹಾಕಿಯೇ ನಡೆಸಿ. ಆಮೇಲೆ ಒಂದೊಂದರಲ್ಲೂ ‘ಸುಡೊ ಬೂಟ್‌ಸಿ ಸ್ವಿಚ್’ ಮತ್ತು ಇಮೇಜಿನ ವಿಳಾಸ, ರೀಬೂಟ್. ಮೊದಲೇ ಏನಾದರೂ ಲೇಯರ್ ಮಾಡಿದ್ದರೆ ಬೂಟ್‌ಸಿ ಮುಂದುವರಿಯದು, ‘ಆರ್‌ಪಿಎಂ-ಒಎಸ್‌ಟ್ರೀ ರಿಸೆಟ್’ ಮಾಡಿಕೊಂಡು ಬನ್ನಿ.

ಇಮೇಜು 3 ಜಿಬಿ ಎಂದಿಟ್ಟುಕೊಂಡರೆ 30 ಪಿಸಿಗೆ 90 ಜಿಬಿ. ಗಿಗಾಬಿಟ್ ಸ್ವಿಚ್ ಆದರೆ ಕಾಲು ಗಂಟೆ, ಹಳೇ 100 ಎಂಬಿಪಿಎಸ್ ಸ್ವಿಚ್ ಆದರೆ ಎರಡು ಗಂಟೆ ಮೇಲೆ. ಎಲ್ಲ ಲ್ಯಾನ್ ಒಳಗೇ, ಇಂಟರ್‌ನೆಟ್ ಬಳಕೆ ಕಟ್ಟುವ ಯಂತ್ರಕ್ಕೆ ಮಾತ್ರ. ಮುಂದಿನ ಸಲ ಬದಲಾದ ಪದರಗಳಷ್ಟೇ ಹೋಗುತ್ತವೆ.

ಗಮನಿಸಬೇಕಾದ್ದು ಕೆಲವಿವೆ. ಇಮೇಜಿನ /ವಾರ್‌ನಲ್ಲಿ ಇಟ್ಟದ್ದು ಹೊಸದಾಗಿ ಇನ್‌ಸ್ಟಾಲ್ ಮಾಡುವಾಗ ಮಾತ್ರ ಯಂತ್ರಕ್ಕೆ ಇಳಿಯುತ್ತದೆ, ಆಮೇಲಿನ ಅಪ್‌ಡೇಟ್‌ನಲ್ಲಿ ಅಲ್ಲ. /ಆಪ್ಟ್ ಕೂಡ /ವಾರ್‌ನ ಕೊಂಡಿ, ಹಾಗಾಗಿ /ಆಪ್ಟ್‌ಗೆ ಹೋಗುವ ಸಾಫ್ಟ್‌ವೇರ್ ಲ್ಯಾಬ್ ಪಿಸಿಗಳಲ್ಲಿ ಕಾಣುವುದೇ ಇಲ್ಲ. ಅದನ್ನು ಕಂಟೇನರ್‌ಫೈಲ್‌ನಲ್ಲೇ /ಯುಎಸ್ಆರ್/ಲಿಬ್ ಒಳಗೆ ಸರಿಸಿ. /ಇಟಿಸಿಯದು ಇನ್ನೊಂದು ಬಗೆ: ಯಾರಾದರೂ ಒಂದು ಪಿಸಿಯಲ್ಲಿ /ಇಟಿಸಿಯ ಫೈಲ್ ತಿದ್ದಿದ್ದರೆ ಆ ಫೈಲಿನ ಮಟ್ಟಿಗೆ ಇಮೇಜಿನ ಹೊಸ ಪ್ರತಿ ಅಲ್ಲಿಗೆ ಬರುವುದಿಲ್ಲ, ತಿದ್ದಿದ್ದೇ ಉಳಿಯುತ್ತದೆ. 29ರಲ್ಲಿ ಸರಿ, ಒಂದರಲ್ಲಿ ತಪ್ಪು ಎಂದಾಗ ಅಲ್ಲಿ ‘ಸುಡೊ ಒಎಸ್‌ಟ್ರೀ ಅಡ್ಮಿನ್ ಕಾನ್ಫಿಗ್-ಡಿಫ್’ ಕೊಟ್ಟು ನೋಡಿ.

ಇನ್ನು ‘ಬೂಟ್‌ಸಿ-ಫೆಚ್-ಅಪ್ಲೈ-ಅಪ್‌ಡೇಟ್ಸ್’ ಎಂಬ ಟೈಮರ್. ಅದು ಚಾಲೂ ಇದ್ದರೆ ಹೊಸ ಇಮೇಜ್ ಸಿಕ್ಕ ಕೂಡಲೇ ಇಳಿಸಿ, ಯಾರನ್ನೂ ಕೇಳದೆ ರೀಬೂಟ್ ಮಾಡುತ್ತದೆ. ಪ್ರಾಯೋಗಿಕ ಪರೀಕ್ಷೆಯ ಮಧ್ಯೆ 30 ಪರದೆ ಒಟ್ಟಿಗೆ ಕಪ್ಪಾಗಬಾರದೆಂದರೆ ಅದನ್ನು ‘ಸಿಸ್ಟಮ್‌ಸಿಟಿಎಲ್ ಮಾಸ್ಕ್’ ಮಾಡಿಡಿ. ಸಂಜೆ ನೀವೇ ‘ಬೂಟ್‌ಸಿ ಅಪ್‌ಗ್ರೇಡ್’ ಕೊಟ್ಟು ಯಂತ್ರಗಳನ್ನು ಶಟ್‌ಡೌನ್ ಮಾಡಿದರೆ ಬೆಳಿಗ್ಗೆ ಹೊಸದು ಬರುತ್ತದೆ. ಕೆಟ್ಟಿದ್ದರೆ ‘ಬೂಟ್‌ಸಿ ರೋಲ್‌ಬ್ಯಾಕ್’.

ಪ್ರಶ್ನೆ: ಮೈಕ್ರೊಒಎಸ್‌ನಲ್ಲಿ ಒಂದರ ಹಿಂದೆ ಒಂದು ಎರಡು ಪ್ಯಾಕೇಜ್ ಹಾಕಿ ರೀಬೂಟ್ ಮಾಡಿದೆ. ಎರಡನೆಯದು ಇದೆ, ಮೊದಲನೆಯದು ಇಲ್ಲ.
— ಓದುಗರು, ಮುಂಡಗೋಡ

ಉತ್ತರ: ಅಲ್ಲಿ ಪ್ಯಾಕೇಜ್ ಹಾಕುವ ಆಜ್ಞೆಯಾದ ‘ಟ್ರಾನ್ಸಾಕ್ಷನಲ್-ಅಪ್‌ಡೇಟ್’ ಪ್ರತಿ ಸಲವೂ ಈಗ ಓಡುತ್ತಿರುವ ಬಿಟಿಆರ್‌ಎಫ್‌ಎಸ್ ಸ್ನ್ಯಾಪ್‌ಶಾಟ್‌ನಿಂದ ಹೊಸದು ಮಾಡುತ್ತದೆ. ಎರಡನೇ ಸ್ನ್ಯಾಪ್‌ಶಾಟ್‌ಗೆ ಮೊದಲನೆಯದರ ಸುದ್ದಿಯೇ ಗೊತ್ತಿಲ್ಲ. ಎರಡೂ ಹೆಸರನ್ನು ಒಂದೇ ‘ಪಿಕೆಜಿ ಇನ್‌ಸ್ಟಾಲ್’ಗೆ ಕೊಡಿ, ಅಥವಾ ಎರಡನೇ ಸಲ ‘ಟ್ರಾನ್ಸಾಕ್ಷನಲ್-ಅಪ್‌ಡೇಟ್ --ಕಂಟಿನ್ಯೂ ಪಿಕೆಜಿ ಇನ್‌ಸ್ಟಾಲ್’ ಎನ್ನಿ.

ಪ್ರಶ್ನೆ: ಹಳೇ ಆವೃತ್ತಿಗೆ ರೋಲ್‌ಬ್ಯಾಕ್ ಮಾಡಿದರೆ ನನ್ನ ಫೈಲುಗಳೂ ಹಿಂದಿನ ದಿನಕ್ಕೆ ಹೋಗುತ್ತವೆಯೆ?
— ನಿವೃತ್ತ ಶಿಕ್ಷಕರು, ಗೋಕರ್ಣ

ಉತ್ತರ: ಇಲ್ಲ. ಮನೆ ಫೋಲ್ಡರ್ /ವಾರ್‌ನಲ್ಲಿದೆ, ಎಲ್ಲ ಆವೃತ್ತಿಗೂ ಅದು ಒಂದೇ. ಅಳಿಸಿದ ಫೈಲ್ ರೋಲ್‌ಬ್ಯಾಕ್‌ನಿಂದ ಮರಳಿ ಬರುವುದೂ ಇಲ್ಲ, ಅದಕ್ಕೆ ಬ್ಯಾಕಪ್ ಬೇರೆಯೇ ಇರಬೇಕು. ಹಿಂದೆ ಹೋಗುವುದು /ಇಟಿಸಿ. ಪ್ರತಿ ಆವೃತ್ತಿಗೂ ತನ್ನದೇ /ಇಟಿಸಿ ಇದೆ. ಅಪ್‌ಡೇಟ್ ಆದ ಮೇಲೆ ನೀವು ಲಾಗಿನ್ ಪಾಸ್‌ವರ್ಡ್ ಬದಲಿಸಿದ್ದರೆ ಹಳೇ ಆವೃತ್ತಿಯಲ್ಲಿ ಹಳೇ ಪಾಸ್‌ವರ್ಡೇ ನಡೆಯುತ್ತದೆ. ಆಮೇಲೆ ಸೇರಿಸಿದ ವೈಫೈ, ಪ್ರಿಂಟರ್ ಕೂಡ ಅಲ್ಲಿರುವುದಿಲ್ಲ. ಒಮ್ಮೆ ನೋಡಲು ಮಾತ್ರವಾದರೆ ಬೂಟ್ ಆಗುವಾಗ ಎಸ್ಕೇಪ್ ಒತ್ತಿ ಗ್ರಬ್ ಮೆನುವಿನಲ್ಲಿ ಎರಡನೇ ಸಾಲು ಆರಿಸಿ, ಮುಂದಿನ ಬೂಟ್‌ಗೆ ತಾನಾಗಿ ಹೊಸದಕ್ಕೆ ಬರುತ್ತದೆ. ಹಳೆಯದರಲ್ಲೇ ಉಳಿಯಬೇಕಾದರೆ ‘ಆರ್‌ಪಿಎಂ-ಒಎಸ್‌ಟ್ರೀ ರೋಲ್‌ಬ್ಯಾಕ್’ ಕೊಡಿ, ಮತ್ತು ನೋಮ್ ಸಾಫ್ಟ್‌ವೇರ್‌ನ ಸ್ವಯಂ ಅಪ್‌ಡೇಟ್ ನಿಲ್ಲಿಸಿಡಿ. ಇಲ್ಲದಿದ್ದರೆ ಯಾವುದನ್ನು ಬೇಡವೆಂದು ಬಿಟ್ಟು ಬಂದಿರೋ ಅದನ್ನೇ ರಾತ್ರಿ ಮತ್ತೆ ಇಳಿಸಿಟ್ಟಿರುತ್ತದೆ.